ಒಂದು ಭಾನುವಾರದ ಮೂರು ಲೀಟರ್

ನನ್ನ ಮೇಜಿನ ಮೇಲೆ ಒಂದು ನೀರಿನ ಬಾಟಲಿ ಇದೆ. ಎರಡು ಲೀಟರಿನದು, ಗಾಜಿನಂತೆ ಕಾಣುವ ಪ್ಲಾಸ್ಟಿಕ್ಕು, ಮೈತುಂಬ ಗೆರೆ. ಒಂದೊಂದು ಗೆರೆಯ ಪಕ್ಕ ಒಂದೊಂದು ಗಂಟೆ, ಗಂಟೆಯ ಪಕ್ಕ ಇಂಗ್ಲಿಷಿನಲ್ಲಿ ಬೆನ್ನು ತಟ್ಟುವ ಮಾತು. ಏಳಕ್ಕೆ ಗುಡ್ ಮಾರ್ನಿಂಗ್. ಒಂಬತ್ತಕ್ಕೆ ಕೀಪ್ ಗೋಯಿಂಗ್. ಮಧ್ಯಾಹ್ನ ಒಂದಕ್ಕೆ ಡೋಂಟ್ ಗಿವ್ ಅಪ್. ಸಂಜೆ ಐದಕ್ಕೆ ಆಲ್ಮೋಸ್ಟ್ ದೇರ್. ಈ ವಯಸ್ಸಿನಲ್ಲಿ ನನ್ನನ್ನು ಹುರಿದುಂಬಿಸುವವರು ಬೇರೆ ಯಾರೂ ಉಳಿದಿಲ್ಲವಾದ್ದರಿಂದ ಅದನ್ನು ಬೈಯಲು ಮನಸ್ಸು ಬರುವುದಿಲ್ಲ. ಆದರೂ ಒಂದು ವಿಷಯವನ್ನು ಅದರ ಮೇಲೆ ಎಲ್ಲೂ ಬರೆದಿಲ್ಲ. ಕುಡಿದ ಮೇಲೆ ಹೋಗುವುದೆಲ್ಲಿಗೆ?

ನಮ್ಮ ಬಳ್ಳಾರಿಯ ಗಾಂಧಿನಗರದ ಅಂಗಡಿಯಲ್ಲಿ ಒಂದಕ್ಕೆ ಒಂದು ಫ್ರೀ ಅಂತ ಕೊಟ್ಟಿದ್ದರು. ಇನ್ನೊಂದನ್ನು ಸಿರುಗುಪ್ಪದಲ್ಲಿರುವ ನನ್ನ ನೆಗೆಣ್ಣಿ ಪಾರ್ವತಿಗೆ ಕಳಿಸಿದೆ. ನೆಗೆಣ್ಣಿ ಅಂದರೆ ನನ್ನ ಮೈದುನ ಬಸಣ್ಣನ ಹೆಂಡತಿ. ಅವಳಿಗೆ ಕಿಡ್ನಿಯಲ್ಲಿ ಕಲ್ಲಾಗುವ ಮೈ. ಹೋದ ಸಲ ಅವರ ಮನೆಗೆ ಹೋದಾಗ ನೋಡಿದರೆ ಬಾಟಲಿಯೊಳಗೆ ಅಲಸಂದಿ ಕಾಳು, ಸರಿಯಾಗಿ ಡೋಂಟ್ ಗಿವ್ ಅಪ್ ತನಕ. "ಬಾಯಿ ದೊಡ್ಡದೈತಲ್ಲಕ್ಕಾ, ಕಾಳು ತುಂಬಾಕ ಭಾಳ ಚೊಲೊ ಆತು" ಅಂದಳು. ನಾನು ನಕ್ಕೆ. ನಗುವ ವಿಷಯವಲ್ಲ ಅದು.

ನೀರು ಕುಡಿಯದೆ ಇರುವುದನ್ನು ನಾನು ಕಲಿತದ್ದು ಕಾನ್ವೆಂಟಿನಲ್ಲಿ. ಇದು ದೂರಿನಂತೆ ಕೇಳಿಸಿದರೆ ದೂರೇ ಅಂತ ತಿಳಿಯಿರಿ. ಹೊರಗೆ ಹೋಗಬೇಕಾದರೆ ಎದ್ದು ನಿಂತು, ಕೈ ಕಟ್ಟಿ, "ಮೇ ಐ ಗೋ ಔಟ್, ಸಿಸ್ಟರ್?" ಅನ್ನಬೇಕು. ಬೇರೆ ಭಾಷೆಯಲ್ಲಿ ಕೇಳಿದರೆ ಸಿಸ್ಟರ್‌ಗೆ ಕಿವಿ ಕೇಳುತ್ತಿರಲಿಲ್ಲ. ನನಗೆ ಮನೆಯ ಕನ್ನಡ ಬರುತ್ತಿತ್ತು, ಪಕ್ಕದ ಮನೆಯ ತೆಲುಗು ಬರುತ್ತಿತ್ತು, ಬಳೆಗಾರನ ಉರ್ದು ಅಷ್ಟಿಷ್ಟು ಬರುತ್ತಿತ್ತು. ಮೂರರಲ್ಲೂ ಆ ಅವಸರವನ್ನು ಹೇಳಬಲ್ಲವಳಾಗಿದ್ದೆ. ಬೇಕಾದ ನಾಲ್ಕನೆಯದರಲ್ಲಿ ಮಾತ್ರ ಬಾಯಿ ಕಟ್ಟುತ್ತಿತ್ತು. ಒಂದನೇ ಕ್ಲಾಸಿನ ಒಂದು ಮಧ್ಯಾಹ್ನ ಬೆಂಚು ಒದ್ದೆಯಾಯಿತು, ಬಿಳಿ ಸಾಕ್ಸು ಹಳದಿಯಾಯಿತು. ಸಿಸ್ಟರ್ ಬೈಯಲಿಲ್ಲ. ಉಳಿದ ಹುಡುಗಿಯರಿಗೆ "ಡೋಂಟ್ ಲುಕ್" ಅಂದರು. ಎಲ್ಲರೂ ನೋಡಿದರು. ಅವತ್ತೇ ತೀರ್ಮಾನಿಸಿದೆ: ಆ ವಾಕ್ಯ ಬಾಯಿಪಾಠವಾಗುವ ತನಕ ನೀರು ಮುಟ್ಟುವುದಿಲ್ಲ. ವಾಕ್ಯ ಒಂದು ವಾರದಲ್ಲಿ ಬಂತು. ನೀರು ಮಾತ್ರ ವಾಪಸು ಬರಲಿಲ್ಲ.

ಮುಂದೆ ನಾನೇ ಟೀಚರ್ ಆದೆ. ನನ್ನ ಕ್ಲಾಸಿನಲ್ಲಿ ಯಾವ ಹುಡುಗಿಯಾದರೂ ಎದ್ದು ನಿಂತರೆ ಕೈಗಡಿಯಾರ ನೋಡಿ "ವೇಟ್ ಫಾರ್ ದ ಬೆಲ್" ಅನ್ನುತ್ತಿದ್ದೆ. ಮೂವತ್ತು ಚಿಲ್ಲರೆ ವರ್ಷ ಹಾಗೇ ಅಂದೆ. ಎಷ್ಟು ಹುಡುಗಿಯರು ಕಾಲು ಹೆಣೆದುಕೊಂಡು ಗಂಟೆ ಕಾದರೋ ದೇವರಿಗೇ ಗೊತ್ತು. ನನ್ನ ಕ್ಲಾಸು ಡಿಸಿಪ್ಲಿನ್‌ಗೆ ಹೆಸರಾಗಿತ್ತು.

ಪಾರ್ವತಿ ಕಾನ್ವೆಂಟಿಗೆ ಹೋದವಳಲ್ಲ. ಕುರುಗೋಡಿನವಳು. ಆದರೆ ಈ ವಿದ್ಯೆಯಲ್ಲಿ ಅವಳು ನನಗಿಂತ ದೊಡ್ಡ ಡಿಗ್ರಿ ಪಡೆದವಳು. ಬಸಣ್ಣನಿಗೆಂದು ಅವಳನ್ನು ನೋಡಲು ಹೋದ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕುರುಗೋಡಿನ ಗುಡ್ಡಗಳು ಹಂಚಿನಂತೆ ಕಾದಿದ್ದವು. ಬಸ್ಸಿನಲ್ಲಿ ಬಂದ ನಾವು ಹೆಂಗಸರೆಲ್ಲ ಹಿಂದಿನ ಸಂಜೆಯಿಂದ ನೀರು ಬಿಟ್ಟವರು. ಹೊರಡುವ ಮುಂಚೆ ಉಪ್ಪು ಹಾಕಿದ ಮಜ್ಜಿಗೆ ಒಂದೇ ಲೋಟ. "ಉಪ್ಪಿದ್ರ ನೀರು ಮೈಯಾಗ ನಿಂದರತೈತಿ, ದಾರ್‍ಯಾಗ ತೊಂದ್ರಿ ಆಗಂಗಿಲ್ಲ" ಅನ್ನುವುದು ನಮ್ಮ ಅತ್ತೆಯ ಸಿದ್ಧಾಂತ. ಅವರಿಗೆ ಸೈನ್ಸು ಗೊತ್ತಿರಲಿಲ್ಲ, ಆದರೆ ಬಸ್‌ಸ್ಟ್ಯಾಂಡುಗಳು ಗೊತ್ತಿದ್ದವು.

ಬೆಳಗ್ಗೆ ಹೋದವರು ಹೊತ್ತು ಇಳಿಯುವ ತನಕ ಆ ಮನೆಯಲ್ಲಿ ಕೂತೆವು. ಹುಡುಗಿ ಹೋಳಿಗೆ ಬಡಿಸಿದಳು, ಒಂದು ಹಾಡು ಹೇಳಿದಳು, ತಟ್ಟೆ ಎತ್ತಿದಳು. ವಾಪಸು ಬರುವಾಗ ಅತ್ತೆ ನನ್ನ ತೊಡೆಗೆ ತಟ್ಟಿ ಗುಟ್ಟಿನಲ್ಲಿ ಹೇಳಿದರು: "ನೋಡಿದ್ಯಾ? ಮುಂಜಾನಿಂದ ಒಂದ್ ಸಲನೂ ಹಿತ್ತಲ ಕಡಿ ಹೊಂಟಿಲ್ಲ. ಗಟ್ಟಿ ಅದಾಳ ಹುಡುಗಿ. ಹೊಲಕ್ಕ ಹೋಗಿ ಬಾಳೇ ಮಾಡ್ತಾಳ."

ಬಣ್ಣ ನೋಡಲಿಲ್ಲ, ಉದ್ದ ನೋಡಲಿಲ್ಲ. ತಡೆದುಕೊಳ್ಳುವ ಶಕ್ತಿ ನೋಡಿ ಸೊಸೆ ತಂದುಕೊಂಡರು. ಹೊಲದಲ್ಲಿ ಕೆಲಸ ಮಾಡುವ ಹೆಣ್ಣು ನಸುಕಿನಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಹೋಗಬೇಕು. ನಡುವೆ ಹೋಗಬೇಕೆನ್ನುವವಳು ಮೈಗಳ್ಳಿ. ಪಾರ್ವತಿ ನಲವತ್ತು ವರ್ಷ ಆ ನಂಬಿಕೆ ಉಳಿಸಿಕೊಂಡಳು. ಕಾಲುವೆ ನೀರಿನ ಭತ್ತದ ಗದ್ದೆ, ಮೊಣಕಾಲು ತನಕ ನೀರು, ಬಾಯಲ್ಲಿ ಮಾತ್ರ ಇಲ್ಲ. ಹೊಲಕ್ಕೆ ಒಯ್ಯುವ ಚೊಂಬಿನಲ್ಲಿ ಬಾಯಿ ಮುಕ್ಕಳಿಸಿ ಉಗುಳುವುದು, ತುಟಿ ತೊಯಿಸಿಕೊಳ್ಳುವುದು, ಅಷ್ಟೇ.

ಮೂರು ವರ್ಷದ ಹಿಂದೆ ಅವಳಿಗೆ ಮೊದಲ ಕಲ್ಲು ಬಂತು. ಗ್ಯಾಸು ಅಂದುಕೊಂಡು ಉಪ್ಪು ಸೋಡಾ ಕುಡಿಸಿದರು. ನೋವು ತಾಳದೆ ಎತ್ತು ಒರಗಿದಂತೆ ನೆಲಕ್ಕೆ ಒರಗಿದಾಗ ಬಸಣ್ಣ ಬಳ್ಳಾರಿಗೆ ಕರೆತಂದ. ಆ ಕಲ್ಲು ನಮ್ಮ ಮನೆಯ ಬಾತ್‌ರೂಮಿನಲ್ಲೇ ಬಿತ್ತು, ಸಾಸಿವೆಗಿಂತ ಸ್ವಲ್ಪ ದೊಡ್ಡದು. "ಇಷ್ಟಕ್ಕ ಅಷ್ಟು ಕುಣಿಸ್ತಲ್ಲ!" ಅಂದಳು ಪಾರ್ವತಿ, ಕಾಗದದ ಮೇಲೆ ಇಟ್ಟು ನೋಡುತ್ತಾ. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ಮಾತು ಮೃದು. ಕಲ್ಲು ಯಾಕಾಗುತ್ತದೆ ಅಂತ ತಿಳಿಯಲು ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಒಂದು ಹನಿ ಬಿಡದೆ ಹಿಡಿದು ತನ್ನಿ ಅಂತ ಒಂದು ಬಿಳಿ ಕ್ಯಾನು ಕೊಟ್ಟರು. ಪಕ್ಕದಲ್ಲಿ ಅಳತೆ ಗೆರೆ.

ಇಲ್ಲಿ ನಾನು ಮಾಡಿದ್ದನ್ನು ಹೇಳಬೇಕು. ಹೇಳಲೆಂದೇ ಇಷ್ಟು ಸುತ್ತಿ ಬಂದೆ.

ಟೆಸ್ಟ್ ಅನ್ನುವ ಶಬ್ದ ಕಿವಿಗೆ ಬಿದ್ದರೆ ನನಗೆ ಬೇರೇನೂ ಕಾಣುವುದಿಲ್ಲ. ಡಾಕ್ಟರು "ದಿನಕ್ಕೆ ಎರಡೂವರೆ ಲೀಟರ್ ಹೋಗಬೇಕು" ಅಂದದ್ದು ಕೇಳಿಸಿತ್ತು. ಅದು ನನಗೆ ಪಾಸಿಂಗ್ ಮಾರ್ಕ್ಸು. ಪಾರ್ವತಿಯನ್ನು ನಮ್ಮ ಮನೆಯಲ್ಲೇ ಉಳಿಸಿಕೊಂಡು ಭಾನುವಾರ ಟೆಸ್ಟಿಗೆ ಕೂರಿಸಿದೆ. ಗಂಟೆಗೊಂದು ದೊಡ್ಡ ಲೋಟ, ಗಡಿಯಾರ ನೋಡಿ. ಬಾರ್ಲಿ, ಎಳನೀರು, ಲಿಂಬೆ ಶರಬತ್ತು. ಪ್ರತಿಸಲ ಕ್ಯಾನು ಎತ್ತಿ ಬೆಳಕಿಗೆ ಹಿಡಿದು ನೋಡುವುದು.

"ಅಕ್ಕಾ, ಎಮ್ಮಿ ಹಿಂಡಾಕ ಕುಂತಂಗ ಕುಂತೀರಲ್ಲ" ಅಂದಳು ಪಾರ್ವತಿ.

"ಸುಮ್ಮನೆ ಕುಡಿ. ಇನ್ನು ಅರ್ಧ ಲೀಟರ್ ಬೇಕು."

"ನಮ್ಮನಿ ಎಮ್ಮಿನೂ ಇಷ್ಟು ಕೊಡಂಗಿಲ್ಲ ಬಿಡ್ರಿ."

ಮರುದಿನ ಬೆಳಗ್ಗೆ ಮೂರು ಲೀಟರಿನ ಗೆರೆ ಮುಟ್ಟಿತ್ತು. ಫಸ್ಟ್ ಕ್ಲಾಸ್ ಬಂದವಳಂತೆ ನಾನು ಆಟೋದಲ್ಲಿ ಕ್ಯಾನನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದೆ.

ರಿಪೋರ್ಟು ಬಂತು. ಡಾಕ್ಟರು ನಕ್ಕರು. "ನೀರು ಚೆನ್ನಾಗಿ ಕುಡೀತೀರಿ, ವೆರಿ ಗುಡ್. ಹಾಗಾದರೆ ಕಾರಣ ಬೇರೆ ಕಡೆ ಹುಡುಕಬೇಕು" ಅಂದರು. ಪಾರ್ವತಿ ನನ್ನ ಮುಖ ನೋಡಿದಳು. ನಾನು ಮೇಜಿನ ಕೆಳಗೆ ಅವಳ ಕೈ ಅದುಮಿದೆ. ವೆರಿ ಗುಡ್ ಅನ್ನಿಸಿಕೊಂಡ ಮೇಲೆ ಅದನ್ನು ವಾಪಸು ಕೊಡುವ ಅಭ್ಯಾಸ ನನಗೆ ಯಾರೂ ಕಲಿಸಿರಲಿಲ್ಲ. ಪಾಪ, ಆ ಹುಡುಗಿ ಪಾಲಕ್ಕು, ಕಡಲೆಬೀಜ, ಉಪ್ಪು ಕಡಿಮೆ ಮಾಡಿ, ಹಾಲು ಮೊಸರು ಬಿಡಬೇಡಿ ಅಂತ ನಿಧಾನವಾಗಿ ಬರೆದುಕೊಟ್ಟರು. ನೀರಿನ ಬಗ್ಗೆ ಬರೆದದ್ದು ಒಂದೇ ಮಾತು: ಹೀಗೇ ಮುಂದುವರಿಸಿ. ಪಾರ್ವತಿ ಹಾಗೇ ಮುಂದುವರಿಸಲು ಸಿರುಗುಪ್ಪಕ್ಕೆ ಹೋದಳು, ಅದೇ ಚೊಂಬಿಗೆ, ಅದೇ ಹೊಲಕ್ಕೆ.

ನನಗೆ ಒಳಗೊಳಗೆ ಚುಚ್ಚದೆ ಇರಲಿಲ್ಲ. ಅದಕ್ಕೆ ನಾನೇ ಒಂದು ಔಷಧ ಕಂಡುಹಿಡಿದೆ. ಬೇಸಿಗೆಯಲ್ಲಿ ಬಳ್ಳಾರಿಯ ಮೆಡಿಕಲ್ ಶಾಪುಗಳಲ್ಲಿ ಎಲೆಕ್ಟ್ರೊಲೈಟ್ ಪುಡಿಯ ಪ್ಯಾಕೆಟ್ಟುಗಳು ತೋರಣದಂತೆ ನೇತಾಡುತ್ತವಲ್ಲ, ಕಿತ್ತಳೆ ರುಚಿಯವು, ಒಂದು ಕಟ್ಟು ಕೊಂಡು ಬಸಣ್ಣನ ಕೈಯಲ್ಲಿ ಕಳಿಸಿದೆ. ಬೆವರಿನಲ್ಲಿ ಲವಣ ಹೋಗುತ್ತದೆ, ತುಂಬಿಕೊಳ್ಳಬೇಕು, ದಿನಾ ಕುಡಿ ಅಂತ ಫೋನಿನಲ್ಲಿ ಪಾಠ ಹೇಳಿದೆ. ಇಂಗ್ಲಿಷಿನಲ್ಲಿ ಸೈನ್ಸು ಓದಿದವಳಲ್ಲವೇ ನಾನು! ಕಲ್ಲಾಗುವ ಮೈಗೆ ಉಪ್ಪೇ ಶತ್ರು ಅಂತ ಡಾಕ್ಟರು ಬರೆದುಕೊಟ್ಟ ಚೀಟಿ ನಮ್ಮ ಫ್ರಿಜ್ಜಿನ ಮೇಲೆಯೇ ಅಂಟಿತ್ತು. ಪ್ಯಾಕೆಟ್ಟಿನಲ್ಲಿರುವುದೂ ಉಪ್ಪೇ ಅಂತ ನನಗೆ ಹೊಳೆಯಲಿಲ್ಲ. ಸ್ಯಾಚೆಯೊಳಗೆ ಹೊಕ್ಕು ಇಂಗ್ಲಿಷು ಹೆಸರು ಇಟ್ಟುಕೊಂಡರೆ ಉಪ್ಪಿಗೂ ಎಷ್ಟು ಮರ್ಯಾದೆ ನೋಡಿ.

ಪಾರ್ವತಿ ಅದನ್ನು ತಪ್ಪದೆ ಕುಡಿದಳು. ಹೇಗೆ ಕುಡಿದಳು ಅನ್ನುವುದು ನನಗೆ ಗೊತ್ತಾದದ್ದು ಒಂದು ವರ್ಷ ಕಳೆದ ಮೇಲೆ, ಅವಳ ಕಾಲು ಬಾತು, ಜ್ವರ ಬಂದು, ಮತ್ತೆ ಅದೇ ಡಾಕ್ಟರ ಮುಂದೆ ಕೂತು, ಪುಡಿ ಕುಡಿಯುತ್ತಿರುವುದನ್ನು ಅವಳೇ ಹೇಳಿದಾಗ.

"ಒಂದು ಪ್ಯಾಕೆಟ್ ಒಂದು ಲೀಟರಿಗೆ ಹಾಕಬೇಕಲ್ವಾ ಅಮ್ಮ?" ಅಂದರು ಡಾಕ್ಟರು.

"ಒಂದು ಲೀಟರ್ ಕುಡದು ನಾ ಎಲ್ಲಿಗೆ ಹೋಗ್ಲಿರಿ ಡಾಕ್ಟ್ರ, ಬಯಲಾಗ? ಒಂದ ಲೋಟಕ್ಕ ಹಾಕ್ಕೊಂಡು ಕುಡೀತಿದ್ನಿ. ಸತ್ವ ಎಲ್ಲಾ ಪುಡ್ಯಾಗ ಇರತೈತೆಲ್ಲ, ನೀರಿನಾಗೇನೈತಿ?"

ಡಾಕ್ಟರು ಸ್ಕ್ಯಾನಿನ ಹಾಳೆ ನೋಡಿದರು. ಬಲಗಡೆಯ ಕಿಡ್ನಿ ಕೆಲಸ ನಿಲ್ಲಿಸಿ ಎಷ್ಟೋ ತಿಂಗಳಾಗಿದೆ, ಕಲ್ಲು ದಾರಿ ಮುಚ್ಚಿದೆ, ಒಳಗೆ ಕೀವಾಗಿದೆ, ತೆಗೆಯಲೇಬೇಕು ಅಂದರು. ಎಡಗಡೆಯದರಲ್ಲೂ ಒಂದು ಸಣ್ಣ ಕಲ್ಲು ಇದೆ ಅಂದರು.

"ನೋವು ಬರಲಿಲ್ವಾ?"

"ಬರ್ತಿತ್ತು, ಹೋಗ್ತಿತ್ತು. ಕೊಯ್ಲು ಮುಗೀಲಿ ಅಂದ್ನಿ."

ಡಾಕ್ಟರು ಹಳೆಯ ರಿಪೋರ್ಟು ತೆಗೆದು ನನ್ನ ಕಡೆ ತಿರುಗಿಸಿದರು. "ಇದೇ ನನಗೆ ಅರ್ಥ ಆಗ್ತಿಲ್ಲ ಮೇಡಂ. ಮೂರು ಲೀಟರ್ ಇದೆ ಇಲ್ಲಿ. ಇಷ್ಟು ನೀರು ಕುಡಿಯೋವ್ರು ಅಂತ ನಾನು ನೀರಿನ ವಿಷಯ ಕೇಳೋದನ್ನೇ ಬಿಟ್ಟೆ."

ನನ್ನ ವ್ಯಾನಿಟಿ ಬ್ಯಾಗಿನ ಜಿಪ್ಪು ಆ ಹೊತ್ತಿಗೆ ಬಹಳ ಕೆಲಸ ಕೊಟ್ಟಿತು. ತೆಗೆದೆ, ಹಾಕಿದೆ. ನನ್ನ ಪಕ್ಕದಲ್ಲಿ ಜ್ವರದಿಂದ ನಡುಗುತ್ತಿದ್ದ ಪಾರ್ವತಿಯೇ ಮಾತಾಡಿದಳು: "ಆಮ್ಯಾಲೆ ನಾನಾ ಬಿಟ್ನಿರಿ ಡಾಕ್ಟ್ರ. ನಂದ ತಪ್ಪು. ಅಕ್ಕಾರು ಹೇಳಿದ್ರು, ನಾ ಕೇಳಲಿಲ್ಲ."

ಕಿಡ್ನಿ ತೆಗೆದರು. ನಾನು ಆಸ್ಪತ್ರೆಯಲ್ಲಿ ಹದಿನೈದು ದಿನ ಅವಳ ಜೊತೆ ಇದ್ದೆ, ಎಳನೀರು ಸೋಸಿದೆ, ತಲೆ ಬಾಚಿದೆ. ಜನ ನೋಡಿ, ನೆಗೆಣ್ಣಿಯಂದ್ರ ಹಿಂಗಿರಬೇಕು ಅಂದರು. ಹೊಗಳಿಕೆ ವಾಪಸು ಕೊಡದ ನನ್ನ ರೋಗಕ್ಕೆ ಇನ್ನೂ ಸ್ಕ್ಯಾನು ಬಂದಿಲ್ಲ.

ಗಾಯ ಮಾಗಿ ಕೆಲವು ತಿಂಗಳಾದ ಮೇಲೆ ಡಾಕ್ಟರು ಮತ್ತೆ ಕ್ಯಾನು ಕೊಟ್ಟರು. ಉಳಿದಿರುವುದು ಒಂದೇ. ಅದನ್ನು ಉಳಿಸಬೇಕಾದರೆ ನಿಜವಾದ ಲೆಕ್ಕ ಬೇಕು. "ಈ ಸಲ ನಿಮ್ಮ ಮನೆಯಲ್ಲೇ, ಕೆಲಸದ ದಿನ ಮಾಡಿ. ದಿನಾ ಹೇಗಿರ್ತೀರೋ ಹಾಗೇ ಇರಿ" ಅಂದರು. ಕ್ಯಾನು ಹಿಡಿದು ನಾನೂ ಸಿರುಗುಪ್ಪದ ಬಸ್ಸು ಹತ್ತಿದೆ. ಬಾಯಿ ಬಿಡುವುದಿಲ್ಲ, ಬರೀ ನೋಡುತ್ತೇನೆ ಅಂತ ಆಣೆ ಮಾಡಿಕೊಂಡಿದ್ದೆ.

ನಾಟಿಯ ಕಾಲ. ಏಳು ಗಂಟೆಗೆ ಪಾರ್ವತಿ ಹೆಣ್ಣಾಳುಗಳ ಜೊತೆ ಹೊಲಕ್ಕೆ ಹೊರಟಳು. ಇವತ್ತಿಗೂ ಅವಳು ಬದುವಿನ ಮೇಲೆ ನಿಲ್ಲದಿದ್ದರೆ ಸಾಲು ಸೊಟ್ಟಗಾಗುತ್ತದಂತೆ. ನಾನು ಕೊಡೆ ಹಿಡಿದು ಬದುವಿನ ಮೇಲೆ ಕೂತೆ. ಸುತ್ತ ಒಂದು ಗಿಡವಿಲ್ಲ. ಒಂದು ಕಡೆ ಕಾಲುವೆಯ ಏರಿ, ಮೇಲೆ ಮೋಟಾರ್ ಸೈಕಲ್ಲುಗಳು. ಇನ್ನೊಂದು ಕಡೆ ರಸ್ತೆ. ಸಸಿ ಹೊರುವ ಗಂಡಾಳುಗಳು ಮನಸ್ಸು ಬಂದಲ್ಲಿ ತಿರುಗಿ ನಿಲ್ಲುತ್ತಿದ್ದರು. ಒಂಬತ್ತು ಹೆಂಗಸರು ಬಗ್ಗಿದವರು ಬಗ್ಗಿಯೇ ಇದ್ದರು. ಸಂಜೆ ಐದರ ತನಕ ಒಬ್ಬಳೂ ಎದ್ದು ಹೋಗಲಿಲ್ಲ. ಒಬ್ಬಳೂ ನೀರು ಕುಡಿಯಲಿಲ್ಲ. ಮನೆಯಲ್ಲಿ ಬಿಳಿ ಕ್ಯಾನು ಬಾಗಿಲ ಹಿಂದೆ ಖಾಲಿ ಕೂತಿತ್ತು.

ಆ ಹೊಲದಲ್ಲಿ ಗೋಡೆ, ಛಾವಣಿ, ಬಾಗಿಲು ಎಲ್ಲ ಇದ್ದದ್ದು ಒಂದಕ್ಕೇ. ಕಾಲುವೆಯಿಂದ ಮೇಲಿನ ಗದ್ದೆಗೆ ನೀರೆತ್ತುವ ಮೋಟಾರಿಗೆ.

ಮರುದಿನ ಬೆಳಗ್ಗೆ ಪಾರ್ವತಿ ಕ್ಯಾನು ತಂದು ನನ್ನ ಮುಂದಿಟ್ಟಳು. ಮೊದಲ ಗೆರೆ ದಾಟಿರಲಿಲ್ಲ. ಬಣ್ಣ ಚಹಾ ಡಿಕಾಕ್ಷನ್ನಿನದು. "ಈ ಸಲ ಫೇಲ್ ಆದ್ನಿ ನೋಡ್ರಕ್ಕಾ" ಅಂದಳು.

ಬಳ್ಳಾರಿಯಲ್ಲಿ ಡಾಕ್ಟರು ಕ್ಯಾನು ನೋಡಿ ಹುಬ್ಬು ಗಂಟಿಕ್ಕಿದಾಗ ನಾನು ಹೇಳಿಬಿಟ್ಟೆ. ಆ ಭಾನುವಾರ, ಗಂಟೆಗೊಂದು ಲೋಟ, ಮೇಜಿನ ಕೆಳಗೆ ಕೈ ಅದುಮಿದ್ದು, ಪ್ಯಾಕೆಟ್ಟಿನ ಕಟ್ಟು, ಎಲ್ಲ. ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಡಾಕ್ಟರು ಪೆನ್ನು ಮುಚ್ಚಿ ಕೇಳಿದರು: "ನೀವು ಟೀಚರ್ ಅಲ್ವಾ ಮೇಡಂ?"

"ಹೌದು."

"ಕಾಪಿ ಹೊಡೆದ ಪೇಪರ್ ನೋಡಿ ಮಗುವಿಗೆ ಏನು ಪಾಠ ಹೇಳೋಕಾಗುತ್ತೆ?" ಅಂದರು, ಅಷ್ಟೇ. ಆಮೇಲೆ ಪಾರ್ವತಿಗೆ ಹೇಳಿದರು, ಪುಡಿ ಬೇಡ, ಅದು ವಾಂತಿ ಭೇದಿಯಾದಾಗ. ಬರೀ ನೀರು, ಉಪ್ಪಿಲ್ಲದ ಲಿಂಬೆ ನೀರು, ಬಿಸಿಲಿಗೆ ಹೋದ ದಿನ ಇನ್ನೂ ಹೆಚ್ಚು. "ಇನ್ನೊಂದು ಕಿಡ್ನಿ ಇಲ್ಲ ಅಮ್ಮ, ಇದೇ ಕೊನೇದು."

ವಾಪಸು ಆಟೋದಲ್ಲಿ ನಾನು ಅತ್ತುಬಿಟ್ಟೆ. ಪಾರ್ವತಿ ನನ್ನ ಕಡೆ ತಿರುಗಿದಳು.

"ಯಾಕ ಹೇಳಾಕ ಹೋದ್ರಿ? ನಾ ಮುಚ್ಚಿದ್ನೆಲ್ಲ."

"ನನ್ನ ತಪ್ಪು ಪಾರ್ವತಿ. ನಾನೇ ನಿನ್ನ ಕಿಡ್ನಿ ತಿಂದೆ."

"ಪ್ಯಾಕೆಟ್ ಬೇಕಾದ್ರ ನಿಮ್ಮ ತಪ್ಪು ಅನ್ರಿ. ಆ ಆದಿತ್ಯವಾರ ಮಾತ್ರ ತಪ್ಪು ಅನಬ್ಯಾಡ್ರಿ" ಅಂದಳು. "ನಲವತ್ತು ವರ್ಷದಾಗ ಅದೊಂದ ದಿನ ನಾ ಹೊಟ್ಟಿ ತುಂಬ ನೀರು ಕುಡದಿದ್ನಿ. ಬೇಕಾದಾಗ ಎದ್ದು ಹೋಗ್ತಿದ್ನಿ, ಒಳಗ ಚಿಲಕ ಹಾಕ್ಕೋತಿದ್ನಿ, ಯಾರೂ ಕೂಗ್ತಿರಲಿಲ್ಲ. ಮೈ ಹೂವಿನಂಗ ಇತ್ತು ಅಕ್ಕಾ."

 

ಬಸಣ್ಣನನ್ನು ಕೂರಿಸಿಕೊಂಡು ಹೊಲದಲ್ಲೊಂದು ಕಕ್ಕಸು ಕಟ್ಟಿಸು ಅಂದೆ. "ಏನತ್ತಿಗಿ ನೀವು, ಅಷ್ಟು ದೊಡ್ಡ ಬಯಲು ಬಿದ್ದೈತಿ" ಅಂದ.

"ಬಯಲು ನಿನಗಪ್ಪ. ಮೋಟಾರಿಗೆ ಮನೆ ಕಟ್ಟಿಸಿದೀಯಲ್ಲ, ಅದಕ್ಕೇನು ನಾಚಿಕೆಯೇ?"

"ಮೋಟಾರು ಕಳವಾಗತೈತ್ರಿ."

ಈ ಮಾತಿಗೆ ಅವನ ಹೆಂಡತಿ ಒಳಗಿನಿಂದ ನಕ್ಕ ಸದ್ದು ಕೇಳಿಸಿತು. ಆ ನಗು ಅವನಿಗೂ ಎಲ್ಲೋ ತಾಗಿರಬೇಕು. ಎರಡು ವಾರದಲ್ಲಿ ಮೋಟಾರ್ ರೂಮಿನೊಳಗೇ ಹಿಂಬದಿಯ ಮೂಲೆಯಲ್ಲಿ ಬೇಸಿನ್ ಕೂರಿಸಿ, ಹೊರಗೆ ಗುಂಡಿ ತೋಡಿಸಿದ. ನನಗೆ ಫೋನು ಮಾಡಿ, ಆತು ನೋಡ್ರಿ ಅತ್ತಿಗಿ ಅಂದ. ಆದರೆ ತಿಂಗಳಾದರೂ ಪಾರ್ವತಿ ಅದರೊಳಗೆ ಕಾಲಿಡಲಿಲ್ಲ. ಕೇಳಿದರೆ ಒಳಗೆ ಚಿಲಕವಿಲ್ಲ. ಬಸಣ್ಣನ ತರ್ಕ ಸರಳ: "ಕರೆಂಟ್ ಯಾವಾಗ ಬರತೈತೋ ಯಾವಾಗ ಹೊಕ್ಕೈತೋ. ಒಳಗ ಯಾರರ ಚಿಲಕ ಹಾಕ್ಕೊಂಡು ಕುಂತ್ರ ಸ್ಟಾರ್ಟರ್ ಯಾರು ಒತ್ತಬೇಕು?"

ಮೋಟಾರಿಗಾಗಿ ತೆರೆದಿರಬೇಕಾದ ಬಾಗಿಲಿಗೆ ಹೆದರಿ ನನ್ನ ನೆಗೆಣ್ಣಿ ಮತ್ತೆ ತುಟಿ ತೊಯಿಸಿಕೊಳ್ಳುತ್ತಿದ್ದಳು, ಇರುವ ಒಂದೇ ಕಿಡ್ನಿ ಇಟ್ಟುಕೊಂಡು.

ಮರುದಿನವೇ ಬಳ್ಳಾರಿಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಗೆ ಹೋಗಿ, ಕೈ ಬೆರಳು ದಪ್ಪದ ಚಿಲಕ ಕೇಳಿದೆ. "ಮನೆ ಬಾಗಿಲಿಗಾ ಅಮ್ಮ?" ಅಂದ ಅಂಗಡಿಯವನು. "ಮೋಟಾರಿಗೆ" ಅಂದೆ. ಸಿರುಗುಪ್ಪದ ಬಡಿಗೇರನನ್ನು ಹೊಲಕ್ಕೆ ಕರೆದೊಯ್ದು ನನ್ನ ಕಣ್ಣೆದುರೇ ಹಾಕಿಸಿದೆ. ಬಸಣ್ಣ ಊರೊಳಗೆ ಗೊಬ್ಬರಕ್ಕೆ ಹೋಗಿದ್ದ.

ಪಾರ್ವತಿ ಲಿಂಬೆ ನೀರಿನ ಚೊಂಬು ಎತ್ತಿ, ಈ ಸಲ ಉಗುಳದೆ, ಗಟಗಟ ಕುಡಿದಳು. ಇನ್ನೊಂದು ಚೊಂಬು ಕುಡಿದಳು. ಸ್ವಲ್ಪ ಹೊತ್ತಿಗೆ ಸೆರಗು ಸಿಕ್ಕಿಸಿಕೊಂಡು, ಕಳೆ ತೆಗೆಯುತ್ತಿದ್ದ ಒಂಬತ್ತು ಹೆಂಗಸರ ಮುಂದೆಯೇ, ಹಗಲು ಹನ್ನೊಂದು ಗಂಟೆಗೆ, ನಡೆದು ಹೋದಳು. ಚಿಲಕ ಬಿದ್ದ ಸದ್ದು ಬದುವಿನ ತನಕ ಕೇಳಿಸಿತು.

ಆಗಲೇ ಪಕ್ಕದ ಹೊಲದ ಮೋಟಾರು ಗುಂಯ್ ಅಂತು. ಕರೆಂಟು ಬಂದಿತ್ತು. ಗೊಬ್ಬರ ತರುತ್ತಾ ರಸ್ತೆಯ ತನಕ ಬಂದಿದ್ದ ಬಸಣ್ಣ ಗಾಡಿ ಅಲ್ಲೇ ಬಿಟ್ಟು ಓಡಿ ಬಂದು ಬಾಗಿಲು ದೂಡಿದ. ಬಾಗಿಲು ತೆರೆಯಲಿಲ್ಲ.

"ಏ ಪಾರೀ! ತ್ರೀ ಫೇಸ್ ಬಂದೈತಿ! ಜಲ್ದಿ ಬಾಗಲಾ ತೆಗಿ!"

ಬಸಣ್ಣ ಬಾಗಿಲು ಬಡಿದ.

"ಲೇ, ಮ್ಯಾಲಿನ ಗದ್ದಿ ಒಣಗಾಕತ್ತೈತಿ!"

"ನಿಲ್ರಿ" ಅಂದಳು ಪಾರ್ವತಿ ಒಳಗಿನಿಂದ.

ಬಸಣ್ಣ ನನ್ನ ಕಡೆ ನೋಡಿದ. ನಾನು ಕೊಡೆ ತಿರುಗಿಸಿದೆ. ಬಗ್ಗಿದ್ದ ಹೆಂಗಸರಲ್ಲೊಬ್ಬಳು ತಲೆ ಎತ್ತದೆ ಕೇಳಿದಳು: "ಧಣೇರ, ಪಾಳಿ ಹಚ್ಚೀರೇನ್ರಿ?" ಉಳಿದ ಎಂಟೂ ಬೆನ್ನುಗಳು ನಗುವಿಗೆ ಅಲ್ಲಾಡಿದವು.

ಬಸಣ್ಣ ನಿಂತ. ಬಿಸಿಲಲ್ಲಿ, ಬಾಗಿಲ ಹೊರಗೆ, ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ನಿಂತ. ಒಳಗೆ ಮಗ್ಗಿನಲ್ಲಿ ನೀರು ತುಂಬಿ ಸುರಿಯುವ ಸದ್ದು ಕೇಳಿಸಿತು, ಒಮ್ಮೆ, ಆಮೇಲೆ ಇನ್ನೊಮ್ಮೆ, ಯಾವ ಅವಸರವೂ ಇಲ್ಲದೆ.